ಆಕಾಶದ ಮೇಲೆ ಹೇಳಿದ ಸುಳ್ಳು

ಲಿಂಬೆರಿಸ್‌ನ ಹೆಣದ ಮುಂದೆ ಕೂತು ಅವನ ತಾಯಿ ಲಿಗೆರಿ ಹಾಡಿದ ಹಾಡಿಗೆ ಕೊನೆಯ ಸಾಲು ಇರಲಿಲ್ಲ.

ಗ್ರೀಸಿನ ತೆಂಕಣ ತುದಿಯ ಮಾನಿಯಲ್ಲಿ ಸತ್ತವರಿಗಾಗಿ ಹಾಡುವುದು ಹೆಂಗಸರ ಕೆಲಸ. ಹಾಡಿನೊಳಗೇ ಎಲ್ಲ ಬರಬೇಕು: ಸತ್ತವನು ಎಂಥವನಾಗಿದ್ದ, ಕೊಂದವನು ಯಾರು, ಯಾವ ಕಾರಣಕ್ಕೆ ಕೊಂದ. ಕೊನೆಯ ಸಾಲಿನಲ್ಲಿ, ಈ ರಕ್ತಕ್ಕೆ ಸೇಡು ತೀರಿಸಬೇಕಾದವನ ಹೆಸರು. ಆ ಹೆಸರು ಬಾಯಿಂದ ಬಿತ್ತೆಂದರೆ ಮುಗಿಯಿತು, ಹೆಸರಿನವನು ಬಂದೂಕು ಹೆಗಲಿಗೇರಿಸಿ ಹೊರಡಲೇಬೇಕು. ಅದಕ್ಕೇ ಅಲ್ಲಿ ಗಂಡುಮಗು ಹುಟ್ಟಿದರೆ ‘ಬಂದೂಕು ಹುಟ್ಟಿತು’ ಎನ್ನುತ್ತಾರೆ. ಲಿಗೆರಿಯ ಗಂಡನನ್ನು ಸಮುದ್ರ ಎಂದೋ ನುಂಗಿತ್ತು. ಮನೆಯಲ್ಲಿದ್ದ ಒಂದೇ ಬಂದೂಕು ಈಗ ಎದೆಯಲ್ಲಿ ತೂತು ಬಿದ್ದು ಚಟ್ಟದ ಮೇಲೆ ಮಲಗಿತ್ತು. ಯಾರ ಹೆಸರು ಹೇಳುವುದು? ಅವಳು ಬಾಯಿ ಮುಚ್ಚಿದಳು. ದುಃಖಕ್ಕೆ ಗಂಟಲು ಕಟ್ಟಿತೆಂದು ಜನ ತಿಳಿದರು. ಅತ್ತೆ ಸ್ತಾವ್ರಿಯಾನಿ ಮಾತ್ರ ಸೊಸೆಯ ಕಣ್ಣು ನೋಡಿದಳು. ಅದರಲ್ಲಿ ಒಂದು ಹನಿ ನೀರಿರಲಿಲ್ಲ.

ಹುಡುಗ ಸತ್ತದ್ದೂ ನೀರಿಗಾಗಿಯೇ.

ಆ ನೆಲ ಸಮುದ್ರದೊಳಕ್ಕೆ ಚಾಚಿದ ಕಲ್ಲಿನ ಬೆರಳು. ನಡುವೆ ಬೆಟ್ಟದ ಬೆನ್ನುಮೂಳೆ, ಮೂರು ಕಡೆ ಉಪ್ಪುನೀರು. ಹೊಳೆಯಿಲ್ಲ, ಹಳ್ಳವಿಲ್ಲ. ಆಲಿವ್ ಮರಗಳು ಕೂಡ ಗಾಳಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತ ಹಾಗೆ ಬೆಳೆಯುತ್ತವೆ. ಚಳಿಗಾಲದಲ್ಲಿ ಆಕಾಶ ಕೊಟ್ಟದ್ದನ್ನು ನೆಲತೊಟ್ಟಿಯಲ್ಲಿ ಹಿಡಿದಿಟ್ಟು, ಬೇಸಿಗೆಯಿಡೀ ಅದನ್ನೇ ಅಳೆದಳೆದು ಕುಡಿಯಬೇಕು. ಬೋಳು ಬೆಟ್ಟದ ಇಳಿಜಾರಿನ ಮಳೆನೀರೆಲ್ಲ ಹಿಂದೆ ಇಗರ್ಜಿಯ ಪಕ್ಕದ ಊರತೊಟ್ಟಿಗೆ ಬರುತ್ತಿತ್ತಂತೆ. ಮೇಲಿನ ಬುರುಜಿನ ಮನೆಯ ಕುರಾಕೋಸರಿಗೆ ಬಂದೂಕುಗಳು ಹೆಚ್ಚಿದ್ದವು. ಅವರ ಅಜ್ಜ ಇಳಿಜಾರಿಗೆ ಅಡ್ಡಗೋಡೆ ಕಟ್ಟಿ ಅಷ್ಟನ್ನೂ ತನ್ನ ತೊಟ್ಟಿಗೆ ತಿರುಗಿಸಿಕೊಂಡ. ಅಂದಿನಿಂದ ಊರತೊಟ್ಟಿ ಅರ್ಧ ತುಂಬಿದರೆ ಹೆಚ್ಚು. ಜುಲೈ ಬಂತೆಂದರೆ ಕೆಳಮನೆಗಳ ಹೆಂಗಸರು ಖಾಲಿ ಕೊಡ ಹಿಡಿದು ಬುರುಜಿನ ಬಾಗಿಲಲ್ಲಿ ನಿಲ್ಲಬೇಕು. ಒಂದು ಕೊಡ ನೀರಿಗೆ ಬುರುಜಿನವರ ಆಲಿವ್ ತೋಪಿನಲ್ಲಿ ಒಂದು ದಿನದ ಬಿಟ್ಟಿ ದುಡಿಮೆ. ಆಕಾಶದಿಂದ ಬಿದ್ದದ್ದಕ್ಕೆ ಬೀಗ ಹಾಕಿದವನನ್ನು ಕಳ್ಳನೆನ್ನಬೇಕಿತ್ತು, ಊರು ಅವನನ್ನು ದಣಿ ಎಂದಿತು.

ಲಿಂಬೆರಿಸ್ ಎನ್ನಲಿಲ್ಲ. ಊರತೊಟ್ಟಿಯಿಂದ ಮೇಲಕ್ಕೆ ಬಂಡೆ ಕಡಿಯುತ್ತ ಒಂದು ಕಾಲುವೆ ತೆಗೆಯತೊಡಗಿದ. ಅಡ್ಡಗೋಡೆಗೆ ಇನ್ನು ಒಂದು ಮಾರು ಉಳಿದಿತ್ತು. ಹಾಡುಹಗಲಲ್ಲಿ, ಬುರುಜಿನ ಕಿಟಕಿಯಿಂದ, ಪಿಯೆರೋಸ್ ಕುರಾಕೋಸ್ ಗುಂಡು ಹಾರಿಸಿದ. ಮರೆಮಾಚಲೂ ಇಲ್ಲ. ಹಾರಿಸಿದ ಮೇಲೆ ಕಿಟಕಿಯಲ್ಲೇ ನಿಂತು ಬಂದೂಕಿನ ನಳಿಗೆ ಒರೆಸಿಕೊಂಡ.

ನಲವತ್ತನೆಯ ದಿನದ ಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ಬೇಯಿಸಿದ ಗೋಧಿ ಹಂಚುತ್ತಿದ್ದಾಗ ಅವನೇ ಬಂದ. ಬಂದೂಕಿಲ್ಲದ ಮನೆ ಮಂಡಿಯೂರಿ ಶಾಂತಿ ಕೇಳಬೇಕು ಎಂಬುದು ಆ ಸೀಮೆಯ ಕಟ್ಟಳೆ.

“ಬಾಮ್ಮಾ ಲಿಗೆರಿ,” ಎಂದ ದೊಡ್ಡ ದನಿಯಲ್ಲಿ. “ಬುರುಜಿಗೆ ಬಾ, ಮಂಡಿಯೂರಿ ಕೈಗೊಂದು ಮುತ್ತಿಡು, ವೈರ ಮುಗಿದೋಗ್ಲಿ. ನಿಂಗೆ ದಿನಕ್ಕೆರಡು ಕೊಡ ನೀರು, ದುಡಿಮೆ ಬೇಡ. ಇಲ್ದಿದ್ರೆ ಏನ್ ಮಾಡ್ತೀಯಾ? ನಿನ್ ಮನೇಲಿ ಗಂಡಸು ಅಂತ ಉಳಿದಿರೋದು ಆ ಹುಂಜ ಒಂದೇ!”

ಅವನ ಹಿಂದಿದ್ದ ತಮ್ಮಂದಿರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಹುಂಜಾನ ಇವತ್ತೇ ಕೊಯ್ದೆ, ಪಿಯೆರೋಸ್. ಇಲ್ಲೇ ಪಾತ್ರೇಲಿದೆ, ನಿಂಗೂ ಒಂದು ತುಂಡು ಹಾಕ್ಲಾ?” ಎಂದಳು ಲಿಗೆರಿ. “ಆದ್ರೆ ನನ್ ಮಂಡಿ ಬಗ್ಗಲ್ಲ. ವಾಯು ಹಿಡಿದಿದೆ.”

“ಬಾಯಾರಿದ್ರೆ ಬಗ್ಗುತ್ತೆ ಬಿಡು.”

“ಬಗ್ಗುತ್ತೆ. ಯಾರ್ದು ಅಂತ ನೋಡೋಣ.”

ಅಲ್ಲಿಂದ ಮುಂದೆ ಅವಳು ತಲೆಗೂದಲು ಕಟ್ಟಲಿಲ್ಲ. ಮಗನ ರಕ್ತ ಹತ್ತಿದ ಅಂಗಿಯನ್ನು ಒಗೆಯಲೂ ಇಲ್ಲ. ಬಾಗಿಲ ಎದುರು ಒಳಗೋಡೆಯ ಗೂಟಕ್ಕೆ ತೂಗುಹಾಕಿದಳು. ಬಾಗಿಲಿಂದ ಬಿದ್ದ ಬಿಸಿಲು ಆ ಕಲೆಯನ್ನು ಕಂದು ಮಾಡಿತು, ಆಮೇಲೆ ಕಪ್ಪು ಮಾಡಿತು.

ಜುಲೈ ಕೊನೆಯಲ್ಲಿ ತೆಂಕಣ ಗಾಳಿ ಎದ್ದಿತು. ಆಫ್ರಿಕಾದ ಮರಳನ್ನು ಬಾಯಲ್ಲಿಟ್ಟುಕೊಂಡು ಬರುವ ಆ ಗಾಳಿಗೆ ಪಾಪಾಸುಕಳ್ಳಿಯ ಹಾಳೆ ಕೂಡ ಸುಕ್ಕುಗಟ್ಟುತ್ತದೆ. ಕಹಿ ಕಾಳಿನ ಚೀಲಗಳನ್ನು ಕಹಿ ಬಿಡಲೆಂದು ಕಡಲ ನೀರಿನಲ್ಲಿ ನೆನೆಹಾಕಲು ಹೆಂಗಸರು ದಂಡೆಗೆ ಇಳಿದಿದ್ದರು. ಪಿಯೆರೋಸ್‌ನ ಸೊಸೆ ಕನೆಲ್ಲಾ ಕೂಡ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದಿದ್ದಳು. ಬುರುಜಿನೊಳಗೂ ಹೊರೆ ಹೊರುವವರು ಹೆಂಗಸರೇ. ಕೆಳಮನೆಯವರ ಜೊತೆ ಅವಳು ಮಾತಾಡಬಾರದೆಂದಿತ್ತು, ಆದರೆ ದಂಡೆಯಲ್ಲಿ ಕಾವಲು ಯಾರಿದ್ದಾರೆ?

“ನಮ್ ಹಾವುಮೀನು ಸತ್ತೋಯ್ತು ಕಣ್ರೇ,” ಎಂದಳು ಅವಳು ಚೀಲದ ಬಾಯಿ ಕಟ್ಟುತ್ತ. ತೊಟ್ಟಿಯ ಹುಳುಹುಪ್ಪಟೆ ತಿಂದು ನೀರನ್ನು ತಿಳಿಯಾಗಿಡಲೆಂದು ಎಲ್ಲರೂ ಒಂದು ಹಾವುಮೀನು ಬಿಟ್ಟಿರುತ್ತಾರೆ. “ನಾನು ಮದುವೆಯಾಗಿ ಬಂದಾಗಿಂದ ಇತ್ತು ಪಾಪ. ಮೊನ್ನೆ ಕೊಡದಲ್ಲಿ ಹೊಟ್ಟೆ ಮೇಲಾಗಿ ಬಂತು. ನೀರೂ ವಾಸ್ನೆ ಹೊಡೀತಿದೆ, ತೊಟ್ಟಿ ಗೋಡೇಲಿ ಬಿರುಕು ಬೇರೆ.”

“ಮತ್ತೆ ಮಾವ ಏನಂತಾರೆ?” ಲಿಗೆರಿ ತಲೆಯೆತ್ತದೆ ಕೇಳಿದಳು.

“ಮಳೆ ಬೇಗ ಬರೋ ವರ್ಷ ಆದ್ರೆ ಎಲ್ಲಾ ಖಾಲಿ ಮಾಡಿ ಹೊಸದಾಗಿ ಸುಣ್ಣ ಬಳಿಸ್ತೀನಿ, ಇಲ್ದಿದ್ರೆ ಇದ್ದದ್ದನ್ನೇ ಸೋಸ್ಕೊಂಡು ಕುಡಿಯೋಣ ಅಂದ್ರು. ನೀವು ಆಗಸ್ಟ್ ಓದ್ತೀರಲ್ಲ, ಅದನ್ನ ಕಾಯ್ತಾ ಇದಾರೆ.”

ಲಿಗೆರಿಯ ಕೈ ಉಪ್ಪುನೀರಿನಲ್ಲಿ ಅಲ್ಲಾಡದೆ ನಿಂತಿತು.

ಆಗಸ್ಟ್ ಓದುವುದೆಂದರೆ ಆಕಾಶವನ್ನು ಓದುವುದು. ತಿಂಗಳ ಮೊದಲ ಹನ್ನೆರಡು ದಿನ, ಒಂದೊಂದು ದಿನ ಬರಲಿರುವ ಒಂದೊಂದು ತಿಂಗಳ ಮುಖ. ಮೊದಲ ದಿನದ ಬೆಳಗಿನ ಇಬ್ಬನಿ, ಗಾಳಿಯ ದಿಕ್ಕು, ಇಳಿಹೊತ್ತಿನ ಮೋಡ ನೋಡಿದರೆ ಸೆಪ್ಟೆಂಬರ್ ಹೇಗೆಂದು ತಿಳಿಯುತ್ತದೆ. ಎರಡನೆಯದು ಅಕ್ಟೋಬರ್. ಹೀಗೇ ಮುಂದೆ. ಆ ಊರಿನಲ್ಲಿ ಸ್ತಾವ್ರಿಯಾನಿ ಓದುತ್ತಿದ್ದಳು, ಅವಳ ಮೊಣಕಾಲು ಸೋತ ಮೇಲೆ ಲಿಗೆರಿ. ಹದಿಮೂರನೆಯ ಬೆಳಿಗ್ಗೆ ಒಕ್ಕುವ ಕಣದಲ್ಲಿ ನಿಂತು ಹೇಳಬೇಕು. ಆ ಬೆಳಿಗ್ಗೆ ವೈರಿಗಳೂ ಒಂದೇ ಕಣದ ಸುತ್ತ ನಿಲ್ಲುತ್ತಾರೆ, ಬಂದೂಕುಗಳೆಲ್ಲ ಗೋಡೆಗೆ ಒರಗಿರುತ್ತವೆ. ಮನುಷ್ಯರ ಮೇಲೆ ಸುಳ್ಳು ಹೇಳಿದವರು ಆ ಊರಲ್ಲಿ ಬೇಕಾದಷ್ಟು ಜನ ಇದ್ದರು. ಆಕಾಶದ ಮೇಲೆ ಸುಳ್ಳು ಹೇಳಿದವರು ಯಾರೂ ಇರಲಿಲ್ಲ. ಹಾಗೊಂದು ಸುಳ್ಳು ಇರಬಹುದು ಎಂಬ ಯೋಚನೆಯೇ ಯಾರ ತಲೆಗೂ ಬಂದಿರಲಿಲ್ಲ.

ಆ ವರ್ಷ ಮೊದಲ ದಿನ ಬೆಳಗಿನ ಕಲ್ಲು ಒಣಗಿದ್ದಿತು. ಅತ್ತೆ ಸೊಸೆ ಇಬ್ಬರೂ ಹೊಸ್ತಿಲಲ್ಲಿ ಕೂತು ನೋಡಿದರು. ಇಬ್ಬನಿಯ ಸುಳಿವಿಲ್ಲ. ಸೂರ್ಯ ಎದ್ದದ್ದೇ ಕಾದ ಹೆಂಚಿನ ಹಾಗೆ. ಎರಡನೆಯ ದಿನವೂ ಅದೇ ಕತೆ, ಇಳಿಹೊತ್ತಿನಲ್ಲಿ ಮಾತ್ರ ಪಡುವಣದಲ್ಲಿ ಬೆರಳಗಲದ ಒಂದು ಮೋಡ.

“ಅಕ್ಟೋಬರ್ ಕೊನೇಲಿ ಸಂತ ದಿಮಿತ್ರಿಸ್ ಹಬ್ಬ ಬರೋವರೆಗೂ ಹನಿ ಇಲ್ಲ,” ಎಂದಳು ಸ್ತಾವ್ರಿಯಾನಿ. “ಇಂಥಾ ಬರ ನಾನು ಹುಡುಗಿಯಾಗಿದ್ದಾಗ ಒಂದ್ಸಲ ನೋಡಿದ್ದೆ. ಕತ್ತೆಗಳು ಸಮುದ್ರಕ್ಕೆ ಬಿದ್ದು ಸತ್ವು.”

ಹದಿಮೂರನೆಯ ಬೆಳಿಗ್ಗೆ ಲಿಗೆರಿ ಕೆದರಿದ ಕೂದಲಲ್ಲೇ ಕಣದ ನಡುವೆ ನಿಂತಳು. ಪಿಯೆರೋಸ್ ಎಲ್ಲರಿಗಿಂತ ಮುಂದೆ, ಸೊಂಟದ ಪಟ್ಟಿಗೆ ಹೆಬ್ಬೆರಳು ಸಿಕ್ಕಿಸಿಕೊಂಡು.

“ಸೆಪ್ಟೆಂಬರ್ ತುಂಬಿ ಬರುತ್ತೆ,” ಎಂದಳು. “ಶಿಲುಬೆ ಹಬ್ಬಕ್ಕೆ ಮುಂಚೆ ಮೊದಲ ಮಳೆ. ಅಕ್ಟೋಬರ್‌ನಲ್ಲಿ ತೊಟ್ಟಿ ಉಕ್ಕುತ್ತೆ.” ಆಮೇಲೆ ಉಳಿದ ತಿಂಗಳುಗಳನ್ನು ಕಂಡದ್ದು ಕಂಡ ಹಾಗೆಯೇ ಹೇಳಿದಳು.

ಮನೆಗೆ ಬಂದು ಬಾಗಿಲು ಹಾಕಿದ್ದೇ ತಡ, ಸ್ತಾವ್ರಿಯಾನಿಯ ಊರುಗೋಲು ಅವಳ ಭುಜಕ್ಕೆ ಬಿತ್ತು.

“ಬಾಯಿಗೆ ಹುಳ ಬೀಳ್ಲಿ ನಿಂಗೆ! ಆಕಾಶದ ಮೇಲೆ ಸುಳ್ಳು ಹೇಳ್ದೆಯಲ್ಲೇ! ನಮ್ಮತ್ತೆ, ಅವಳತ್ತೆ, ಯಾರೂ ಮಾಡ್ದೇ ಇರೋದು!”

“ಅವರ್ಯಾರ ಮಕ್ಕಳ್ನೂ ಕಾಲುವೆ ತೋಡಿದ್ದಕ್ಕೆ ಕೊಂದಿರ್ಲಿಲ್ಲ, ಅತ್ತೆ.”

“ಇನ್ಮೇಲೆ ನಿನ್ ಓದನ್ನ ಯಾರು ನಂಬ್ತಾರೆ?”

“ಯಾರೂ ನಂಬೋದು ಬೇಡ. ಇದೇ ನಾನು ಓದೋ ಕೊನೇ ಆಗಸ್ಟು.” ಅವಳು ಭುಜ ಉಜ್ಜಿಕೊಂಡಳು. “ನಂಗೆ ಬಂದೂಕಿಲ್ಲ. ಆ ಬುರುಜಿನ ನನ್ಮಗ ನನ್ನಿಂದ ಏನನ್ನಾದ್ರೂ ನಂಬ್ತಾನೆ ಅಂದ್ರೆ ಇದೊಂದೇ. ಇದನ್ನೇ ತುಂಬ್ಸಿ ಹೊಡೆದೆ.”

ಮುದುಕಿ ಗೂಟದ ಮೇಲಿನ ಅಂಗಿಯನ್ನು ನೋಡಿದಳು. ಊರುಗೋಲನ್ನು ಗೋಡೆಗೆ ಒರಗಿಸಿ, “ಕೆಳಮನೆಯವ್ರು?” ಎಂದಳು. “ಅವ್ರೂ ನಂಬಿ ನೀರು ಚೆಲ್ಕೊಂಡ್ರೆ? ಅವ್ರ ಮಕ್ಕಳ ಹೆಣದ ಮುಂದೆ ಯಾವ್ ಹಾಡು ಹಾಡ್ತೀಯಾ?”

ಅದನ್ನು ಲಿಗೆರಿ ಮರೆತಿರಲಿಲ್ಲ. ಮರುದಿನವೇ ದಂಡೆಯಲ್ಲಿ ಕೆಳಮನೆಯ ಹೆಂಗಸರನ್ನು ಸುತ್ತ ಕೂರಿಸಿಕೊಂಡು ನಿಜ ಹೇಳಿದಳು. ಗಂಡಂದಿರಿಗೆ ಹೇಳಬೇಡಿ, ಅವರು ವೈನ್ ಕುಡಿದಾಗ ಬಾಯಿ ಬಿಡುತ್ತಾರೆ ಎಂದಳು. ಕುರಿಗಾಹಿಯ ಹೆಂಡತಿ ವೆನೇತಾ ಎದೆಗೆ ಶಿಲುಬೆಯ ಗುರುತು ಮಾಡಿಕೊಂಡು ಬೈದಳು, ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು: “ನಮ್ ತೊಟ್ಟೀಲಿ ಇರೋದು ಮೊಣಕಾಲುದ್ದ. ದಿಮಿತ್ರಿಸ್ ಹಬ್ಬದವರೆಗೂ ಎಲ್ಲಿ ಸಾಲುತ್ತೆ?”

“ಬುರುಜಿನವ್ರೇ ಕೊಡ್ತಾರೆ,” ಎಂದಳು ಲಿಗೆರಿ. “ಕೇಳೋದೂ ಬೇಡ.”

ಆಗಸ್ಟ್ ಮುಗಿಯುವ ಮೊದಲು ಪಿಯೆರೋಸ್ ಸುಣ್ಣ ತರಿಸಿದ. ತೊಟ್ಟಿ ಖಾಲಿ ಮಾಡುವ ಹಿಂದಿನ ಬೆಳಿಗ್ಗೆ ಕೆಳಮನೆಗಳ ಹೆಂಗಸರು ಗುದ್ದಲಿ, ಸುತ್ತಿಗೆ, ಉಳಿ ಹಿಡಿದು ಇಳಿಜಾರು ಏರಿದರು. ಲಿಂಬೆರಿಸ್ ಬಿಟ್ಟುಹೋಗಿದ್ದ ಕೊನೆಯ ಮಾರನ್ನು ಕಡಿದು ಕಾಲುವೆಯನ್ನು ಗೋಡೆಯ ಬುಡದಲ್ಲೇ ಇದ್ದ ಬುರುಜಿನ ತೊಟ್ಟಿಯ ತೂಬಿನ ಬಾಯಿಗೆ ಕೂಡಿಸಿದರು. ಬಂಡೆಯ ಮೇಲೆ ಅವನ ರಕ್ತದ ಗುರುತು ಇನ್ನೂ ಇತ್ತು. ಅದರ ಮೇಲೆ ಉಳಿ ಇಡಲು ಯಾರಿಗೂ ಕೈ ಬರಲಿಲ್ಲ; ಲಿಗೆರಿಯೇ ಇಟ್ಟಳು.

ಪಿಯೆರೋಸ್ ಕಿಟಕಿಯಲ್ಲಿ ಕಾಣಿಸಿಕೊಂಡ. ಈ ಸಲ ಕೈಯಲ್ಲಿ ಬಂದೂಕಿರಲಿಲ್ಲ, ಅಂಜೂರವಿತ್ತು.

“ಏನ್ರಮ್ಮಾ, ನಮ್ ಕೊಳಕು ನೀರಿಗೆ ಇಷ್ಟೊಂದ್ ಆಸೇನಾ?”

“ಚೆಲ್ಲೋ ನೀರು ತಾನೇ, ದಣಿ,” ಎಂದಳು ವೆನೇತಾ. “ಮುಳ್ಳಿಗೆ ಹೋಗೋ ಬದ್ಲು ನಮ್ಗೆ ಬರ್ಲಿ.”

“ಕುಡೀರಿ, ಕುಡೀರಿ! ಸತ್ತ ಹಾವುಮೀನಿನ ಸಾರು! ಗೋಡೆ ಮಾತ್ರ ಮುಟ್ಬೇಡಿ.” ಅವನು ಅಂಜೂರದ ತೊಟ್ಟನ್ನು ಅವರತ್ತ ಉಗಿದ. “ಹೊಸ ಮಳೆ ಬಂದ್ಮೇಲೆ ಒಳ್ಳೇ ನೀರು ಕುಡಿಯೋಕೆ ನಾವಿದೀವಿ.”

ತೂಬು ತೆಗೆದಾಗ ಎದೆಮಟ್ಟದ ಹಳೆಯ ನೀರು ಗಂಟಲು ಸೀಳಿದ ಪ್ರಾಣಿಯ ಹಾಗೆ ಮೊರೆಯುತ್ತ ಹೊರಬಿತ್ತು. ಲಿಂಬೆರಿಸ್‌ನ ಕಾಲುವೆಯಲ್ಲಿ ಇಳಿದು, ಅರ್ಧ ದಿನ ಹರಿದು, ಊರತೊಟ್ಟಿಗೆ ಸೇರಿತು. ವಾಸನೆ ಇತ್ತು, ನಿಜ. ಹೆಂಗಸರು ಬಟ್ಟೆಯಲ್ಲಿ ಸೋಸಿದರು, ಕಾಯಿಸಿದರು, ಬೆಟ್ಟದ ಕಂಪಿನ ಸೊಪ್ಪು ಹಾಕಿ ಕುಡಿದರು. ಮೇಲೆ ಬುರುಜಿನ ತೊಟ್ಟಿ ಬೆಳ್ಳಗೆ ಸುಣ್ಣ ಬಳಿದುಕೊಂಡು, ಬಾಯಿ ತೆರೆದುಕೊಂಡು ಮಲಗಿತು.

ಆಮೇಲೆ ಕಾಯುವ ಕೆಲಸ. ಲಿಗೆರಿ ದಿನವೂ ಮಾಳಿಗೆಯ ಮೇಲೆ ನಿಂತು ತೆಂಕಣ ದಿಕ್ಕನ್ನು ಕಾವಲು ಕಾದಳು. ಲಾವಕ್ಕಿಗಳು ಕಡಲು ದಾಟುವ ಮುನ್ನ ಸುಸ್ತಾಗಿ ಬಂಡೆಗಳ ಮೇಲೆ ಬಂದು ಬಿದ್ದವು, ಕಾಡುಈರುಳ್ಳಿಯ ಬಿಳಿ ಹೂಗೋಲುಗಳು ಒಣನೆಲದಿಂದ ಎದ್ದವು. ಆದರೂ ಆಕಾಶ ತಗಡಿನ ಹಾಗೇ ಇತ್ತು. ಶಿಲುಬೆ ಹಬ್ಬದ ಹಿಂದಿನ ಮಧ್ಯಾಹ್ನ ಮಾತ್ರ ಕಡಲ ಅಂಚಿನಲ್ಲಿ ಕಪ್ಪು ಮೋಡವೊಂದು ತಲೆ ಎತ್ತಿತು. ಬುರುಜಿನ ಮಾಳಿಗೆಯಲ್ಲಿ ಗಂಡಸರು ಕೇಕೆ ಹಾಕಿದರು. ಹೇಳಿದ ಸುಳ್ಳು ನಿಜವಾಗುವುದನ್ನು ನೋಡಿ ಲಿಗೆರಿಯಷ್ಟು ಹೆದರಿದವರು ಬೇರೆ ಯಾರೂ ಇರಲಿಕ್ಕಿಲ್ಲ.

“ಬಂದ್ಯೋ ಜೋಕೆ!” ಎಂದು ಅವಳು ಮೋಡಕ್ಕೇ ಬೈದಳು. “ನಿನ್ ಹೊಟ್ಟೆ ಹರಿದೋಗ! ಬಡವ್ರು ಬೇಡ್ಕೊಂಡಾಗ ಒಂದಿನಾನೂ ಬರ್ಲಿಲ್ಲ, ಈಗ ಅವ್ನಿಗಾಗಿ ಬರ್ತೀಯಾ? ಹೋಗು, ಸಮುದ್ರದ ಮೇಲೆ ಸುರಿದು ಸಾಯಿ!”

ಮೋಡ ಊರಿನ ಮೇಲೆ ಬಂತು. ಉದುರಿದ್ದು ಕೆಂಪು ಧೂಳು ಬೆರೆತ ನಾಲ್ಕು ಹನಿ. ಬುರುಜಿನ ಬಿಳಿ ಸುಣ್ಣದ ಮೇಲೆ ಅವು ತುಕ್ಕಿನ ಕಲೆಗಳಾಗಿ ಉಳಿದವು. ಆಮೇಲೆ ಆಕಾಶ ಮತ್ತೆ ಬಾಗಿಲು ಹಾಕಿಕೊಂಡಿತು.

ಬುರುಜಿನವರು ಮೊದಮೊದಲು ಪಿಪಾಯಿಯ ವೈನ್ ಕುಡಿದು ನಕ್ಕರು. ಆಮೇಲೆ ದಂಡೆಯ ಸವುಳು ಊಟೆಯ ನೀರು ಕುಡಿದರು. ಹೇಸರಗತ್ತೆಗಳಿಗೆ ಭೇದಿ ಹತ್ತಿತು. ಬೆಟ್ಟದಾಚೆಯ ಊರಲ್ಲಿ ಸಿಹಿನೀರಿನ ಬುಗ್ಗೆಯಿದೆ, ಆದರೆ ಅಲ್ಲಿಯವರೊಂದಿಗೆ ಕುರಾಕೋಸರಿಗೆ ರಕ್ತವೈರ. ಈಚೆಯ ಊರಿನವರೊಂದಿಗೂ ಅದೇ. ಬುರುಜು ಎತ್ತರವಾದಷ್ಟೂ ಅದರಿಂದ ಇಳಿದು ಹೋಗಬಹುದಾದ ದಾರಿಗಳು ಕಡಿಮೆಯಾಗಿದ್ದವು. ದೋಣಿಯಲ್ಲಿ ನೀರು ತರಿಸೋಣವೆಂದರೆ ತೆಂಕಣ ಗಾಳಿಗೆ ಕಡಲು ಹುಚ್ಚೆದ್ದಿತ್ತು. ಬಂದೂಕು ತೋರಿಸಿ ಊರತೊಟ್ಟಿಯಿಂದ ಕಿತ್ತುಕೊಳ್ಳೋಣ ಎಂದು ತಮ್ಮಂದಿರು ಒಂದು ಬೆಳಿಗ್ಗೆ ಇಳಿದೂ ಬಂದರು. ತೊಟ್ಟಿಯ ಕಟ್ಟೆಯ ಮೇಲೆ ಸ್ತಾವ್ರಿಯಾನಿ ಕೂತಿದ್ದಳು. ಪಕ್ಕದಲ್ಲಿ ಸುಟ್ಟ ಸುಣ್ಣ ತುಂಬಿದ ಎರಡು ಬುಟ್ಟಿ.

“ಬನ್ನಿ ಮಕ್ಳಾ,” ಎಂದಳು ಬೊಚ್ಚುಬಾಯಲ್ಲಿ. “ನಿಮ್ ತೊಟ್ಟಿಗೆ ಬಳಿದು ಮಿಕ್ಕ ಸುಣ್ಣ, ನೀವೇ ಎಸೆದಿದ್ರಿ. ಇನ್ನೊಂದ್ ಹೆಜ್ಜೆ ಇಟ್ರೆ ಇದನ್ನ ಒಳಕ್ಕೆ ಸುರೀತೀನಿ. ಆಮೇಲೆ ನಾವೂ ನೀವೂ ಒಟ್ಟಿಗೇ ಗಂಟಲು ಒಣಗಿಸ್ಕೊಂಡು ಸಾಯೋಣ. ನಂಗೆ ವಯಸ್ಸಾಯ್ತು, ಅವಸರ ಏನಿಲ್ಲ.”

ಅವರು ನಿಂತರು. ನೆಲಕ್ಕೆ ಉಗುಳಲು ನೋಡಿದರು, ಬಾಯಲ್ಲಿ ಎಂಜಲಿರಲಿಲ್ಲ. ತಿರುಗಿ ಹೋದರು.

ಅದರ ಮರುದಿನ ಕನೆಲ್ಲಾ ಬಂದಳು. ಒಂದು ಕಂಕುಳಲ್ಲಿ ಕೊಡ, ಇನ್ನೊಂದರಲ್ಲಿ ಕೂಸು. ಕೂಸಿನ ತುಟಿ ಬಿರಿದು ಅಂಚಿನಲ್ಲಿ ಬೆಳ್ಳಗೆ ಉಪ್ಪು ಕಟ್ಟಿತ್ತು. ಲಿಗೆರಿ ಮಾತಾಡದೆ ಕೂಸನ್ನು ಎತ್ತಿಕೊಂಡು, ಬಟ್ಟೆ ಅದ್ದಿ ಅದ್ದಿ ಬಾಯಿಗೆ ಹಿಂಡಿದಳು. ಕನೆಲ್ಲಾಳಿಗೂ ಬೊಗಸೆ ತುಂಬ ಕೊಟ್ಟಳು. ಅವಳು ಕೊಡ ಮುಂದೆ ಚಾಚಿದಾಗ ಅದರ ಬಾಯನ್ನು ಅಂಗೈಯಿಂದ ಮುಚ್ಚಿದಳು.

“ನೀನೂ ನಿನ್ ಮಕ್ಳೂ ದಿನಾ ಬನ್ನಿ. ಕುಡೀರಿ, ಇಲ್ಲೇ ಮಲಗಿ ಬೇಕಾದ್ರೆ. ಬುರುಜಿಗೆ ಹೊತ್ಕೊಂಡ್ ಹೋಗೋಕೆ ಒಂದ್ ಗುಟುಕೂ ಇಲ್ಲ. ನಿನ್ ಮಾವಂಗೆ ಹೇಳು, ನೀರು ಮೇಲಕ್ಕೆ ಹತ್ತಲ್ಲ. ಅವ್ನೇ ಇಳೀಬೇಕು.”

ಪಿಯೆರೋಸ್ ಇನ್ನೂ ಕೆಲವು ದಿನ ಇಳಿಯಲಿಲ್ಲ. ಒಂದು ಬೆಳಿಗ್ಗೆ ಪೂಜೆ ಮುಗಿದು ಊರೆಲ್ಲ ಇಗರ್ಜಿಯಿಂದ ಹೊರಬರುತ್ತಿದ್ದ ಹೊತ್ತಿಗೆ ಮೇಲಿನ ದಾರಿಯಲ್ಲಿ ಕುರಾಕೋಸರ ಗಂಡಸರು ಸಾಲಾಗಿ ಕಾಣಿಸಿದರು. ಬರಿದಲೆ, ಬರಿಗೈ. ಕಟ್ಟಳೆಯ ಪ್ರಕಾರ ಶಾಂತಿ ಕೇಳುವವರು ಅಂಗಳದ ಅಂಚಿನಿಂದ ಮಂಡಿಯ ಮೇಲೆ ಬರಬೇಕು. ಪಿಯೆರೋಸ್ ಮೊದಲ ಮಂಡಿ ಊರಿದಾಗ ಕಲ್ಲಿನ ಮೇಲೆ ಅದರ ಸದ್ದು ಎಲ್ಲರಿಗೂ ಕೇಳಿಸಿತು. ಲಿಗೆರಿ ತೊಟ್ಟಿಯ ಕಟ್ಟೆಯ ಮೇಲೆ ಮಗನ ಕಪ್ಪಾದ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಳು. ಎದ್ದು ಎದುರು ಹೋಗಲಿಲ್ಲ.

ಅವನು ತೆವಳಿಕೊಂಡು ಅವಳ ಮುಂದೆ ಬಂದ. ನಾಲಿಗೆ ದಪ್ಪವಾಗಿ ಮಾತು ತೊದಲುತ್ತಿತ್ತು.

“ಆಕಾಶದ್ ಮೇಲೆ ಸುಳ್ ಹೇಳ್ದೆ ನೀನು,” ಎಂದ.

“ನೀನು ಆಕಾಶಕ್ಕೇ ಗೋಡೆ ಕಟ್ಟಿದ್ದೆ.”

“ಕೈ ಕೊಡು. ಮುತ್ತಿಡ್ತೀನಿ. ಕ್ಷಮಿಸು.”

“ನಿನ್ ತುಟಿ ಒಣಗಿದೆ, ಗೀರುತ್ತೆ,” ಎಂದು ಲಿಗೆರಿ ಕೈಯನ್ನು ಅಂಗಿಯ ಕೆಳಗೆ ಇಟ್ಟುಕೊಂಡಳು. “ಎದ್ದೇಳು. ಆ ಗೋಡೆ ಹತ್ರ ಹೋಗು. ಕಾಲುವೆ ಬಾಯಿಗೆ ಎದುರಾಗಿರೋ ಅಷ್ಟೂ ಕಲ್ಲು ನೀನೇ ಕೀಳ್ಬೇಕು. ತಮ್ಮಂದಿರು ಮುಟ್ಬಾರ್ದು. ನಾವೆಲ್ಲ ನೋಡ್ತಾ ಇರ್ತೀವಿ.”

ಅವನು ಕಿತ್ತ. ಅಜ್ಜ ಗಾರೆ ಹಾಕಿ ಕೂರಿಸಿದ್ದ ಕಲ್ಲುಗಳು. ಉಗುರು ಮುರಿಯಿತು, ಬೆರಳು ಒಡೆಯಿತು. ನೆತ್ತಿಯ ಸೂರ್ಯ ಅವನಿಗೆ ಯಾವ ದಾಕ್ಷಿಣ್ಯವನ್ನೂ ತೋರಲಿಲ್ಲ. ಲಿಂಬೆರಿಸ್ ಬಿದ್ದಿದ್ದ ಜಾಗದಲ್ಲೇ ಅವನೂ ಎರಡು ಸಲ ಬಿದ್ದ, ಎರಡು ಸಲ ಎದ್ದ. ಕೆಳಮನೆಯವರು ಬಂಡೆಗಳ ಮೇಲೆ ಕೂತು ನೋಡಿದರು. ಯಾರೂ ನಗಲಿಲ್ಲ. ಒಮ್ಮೆ ವೆನೇತಾ ಮಾತ್ರ ತನ್ನ ಗಂಡನಿಗೆ, “ಅಂಜೂರ ಇದ್ರೆ ಕೊಡ್ರೀ, ತಿಂದು ತೊಟ್ಟು ಉಗೀತೀನಿ,” ಎಂದಳು.

ಕೊನೆಯ ಕಲ್ಲು ಉರುಳಿದ ಮೇಲೆ ಬುರುಜಿನವರ ಕೊಡಗಳು ಒಂದೊಂದಾಗಿ ತುಂಬಿದವು. ಮೊದಲು ಹೆಂಗಸರು, ಮಕ್ಕಳು, ಆಮೇಲೆ ಹೇಸರಗತ್ತೆಗಳು. ಎಲ್ಲರಿಗಿಂತ ಕೊನೆಗೆ ಪಿಯೆರೋಸ್‌ನ ರಕ್ತದ ಬೊಗಸೆಗೆ ಲಿಗೆರಿಯೇ ನೀರು ಹೊಯ್ದಳು. ಅವನು ಮುಖವನ್ನೇ ಅದರೊಳಗೆ ಅದ್ದಿ ಕುಡಿದ.

“ಹಾಗಾದ್ರೆ ವೈರ ಮುಗೀತು,” ಎಂದ ಉಸಿರು ಬಿಟ್ಟು.

“ನೀರು ಕೊಟ್ಟೆ. ಕ್ಷಮೆ ಯಾವಾಗ ಕೊಟ್ಟೆ?”

“ಮತ್ತೆ ಆ ಹಾಡು? ಅದರ ಕೊನೇ ಸಾಲು?”

“ಅದು ನನ್ ಹತ್ರಾನೇ ಇರ್ಲಿ,” ಎಂದಳು ಲಿಗೆರಿ. “ಕೆಳಮನೇಲಿ ಎಷ್ಟು ಬಂದೂಕು ಹುಟ್ತಾವೋ ನೋಡೋಣ. ನೀನು ಆ ಗೋಡೆ ಮೇಲೆ ಮತ್ತೆ ಒಂದ್ ಕಲ್ಲಿಟ್ಟ ದಿನ ಹಾಡ್ತೀನಿ. ನಾನು ಸತ್ತಿದ್ರೆ ಇವಳು ಹಾಡ್ತಾಳೆ,” ಎಂದು ವೆನೇತಾಳ ಕಡೆ ಗಲ್ಲ ಎತ್ತಿದಳು. “ಎಲ್ರಿಗೂ ಕಲ್ಸಿದೀನಿ.”

ಸಂತ ದಿಮಿತ್ರಿಸ್ ಹಬ್ಬ ಕಳೆದ ಬೆಳಿಗ್ಗೆ ಮಳೆ ಬಂತು. ಮೊದಲ ಮಳೆಯನ್ನು ಯಾರೂ ತೊಟ್ಟಿಗೆ ಬಿಟ್ಟುಕೊಳ್ಳುವುದಿಲ್ಲ; ಬೇಸಿಗೆಯ ಕೊಳೆಯನ್ನೆಲ್ಲ ಅದು ತೊಳೆದುಕೊಂಡು ಬರುತ್ತದೆ. ಲಿಗೆರಿ ಊರತೊಟ್ಟಿಯ ಬಾಯಿಗೆ ಚಪ್ಪಡಿ ಅಡ್ಡವಿಟ್ಟು, ನೆನೆಯುತ್ತ ಕೂತಳು. ಒಡೆದ ಗೋಡೆಯಿಂದ ನುಗ್ಗಿದ ನೀರು ಕೆಮ್ಮಣ್ಣು ಹೊತ್ತು, ಮಗನ ಕಾಲುವೆಯುದ್ದಕ್ಕೂ ಕೆಂಪಗೆ ಇಳಿದು, ಚಪ್ಪಡಿಗೆ ಬಡಿದು, ಪಕ್ಕಕ್ಕೆ ತಿರುಗಿ ಸಮುದ್ರದ ಕಡೆ ಹೋಯಿತು. ಮೇಲೆ ಬುರುಜಿನ ಕಿಟಕಿಯಲ್ಲಿ ಒಂದು ಮುಖ ಅದನ್ನೇ ನೋಡುತ್ತಿತ್ತು. ಕೆಂಪು ತಿಳಿಯಾಗಿ ಕಂದಾಯಿತು, ಕಂದು ಹಳದಿಯಾಯಿತು. ಅವಳು ಬೊಗಸೆಯಲ್ಲಿ ಎತ್ತಿ ನೋಡಿದಳು, ಇನ್ನೂ ಇಲ್ಲ ಎಂದು ಚೆಲ್ಲಿದಳು, ಮತ್ತೆ ಎತ್ತಿದಳು. ಅಂಗೈಯ ಗೆರೆಗಳು ನೀರಿನೊಳಗಿಂದ ಕಂಡಾಗ ಎದ್ದು ಎರಡೂ ಕೈಯಿಂದ ಚಪ್ಪಡಿಯನ್ನು ಎಳೆದು ಪಕ್ಕಕ್ಕಿಟ್ಟಳು.